ಐರಿಶ್ ಕೆಂಪು ಏಲ್‌ಗೆ ಬೆಣ್ಣೆಯ ವಾಸನೆ: ಚೆಲ್ಲಬೇಕೆ, ಮಾಗಲು ಬಿಡಬೇಕೆ?

ಕಾನುಮನೆ | ತೀರ್ಥಹಳ್ಳಿ ಸೀಮೆ | ಜನವರಿ 8

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ 14ರ ಭಾನುವಾರ ಅಡಿಕೆ ಕೊಯ್ಲಿಗೆ ಒಂದು ದಿನದ ಬಿಡುವು ಸಿಕ್ಕಿದಾಗ ಮನೆಯಲ್ಲಿ 20 ಲೀಟರಿನಷ್ಟು ಐರಿಶ್ ಕೆಂಪು ಏಲ್ ಎಂಬ ಬಗೆಯ ಬಿಯರ್ ಮಾಡಿದೆ. ಲೆಕ್ಕವನ್ನೆಲ್ಲ ಮೊದಲು ಕೊಟ್ಟು, ಕೆಟ್ಟದ್ದೆಲ್ಲಿ ಎಂದು ಆಮೇಲೆ ಕೇಳುತ್ತೇನೆ. ಲೆಕ್ಕವಿಲ್ಲದ ಪ್ರಶ್ನೆಗೆ ಇಲ್ಲಿ ಯಾರೂ ಉತ್ತರಿಸುವುದಿಲ್ಲವೆಂಬುದು ಹಿಂದಿನ ಚರ್ಚೆಗಳನ್ನು ಓದಿ ತಿಳಿದಿದೆ.

ಬೆಂಗಳೂರಿನಿಂದ ತರಿಸಿದ ಪೇಲ್ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) 4 ಕಿಲೋ, ಮಧ್ಯಮ ಬಣ್ಣದ ಕ್ರಿಸ್ಟಲ್ ಮಾಲ್ಟ್ 250 ಗ್ರಾಂ, ಹುರಿದ ಬಾರ್ಲಿ 80 ಗ್ರಾಂ. ಇವುಗಳಲ್ಲಿ ಹುರಿದ ಬಾರ್ಲಿ ಮಾತ್ರ ಮನೆಯದೇ: ಕಿರಾಣಿ ಅಂಗಡಿಯ ಬಾರ್ಲಿಯನ್ನು ಅಮ್ಮ ಕಾಫಿಬೀಜ ಹುರಿಯುವ ಕಬ್ಬಿಣದ ಬಾಣಲೆಯಲ್ಲಿ ಕಾಫಿಯಷ್ಟೇ ಕಪ್ಪಾಗುವವರೆಗೆ ಹುರಿದು, ಹೊಗೆಯ ಘಾಟು ಹೋಗಲೆಂದು ಒಂದು ವಾರ ಕಾಗದದ ಪೊಟ್ಟಣದಲ್ಲಿಟ್ಟು ಬಳಸಿದೆ. ನೀರು ನಮ್ಮ ಬಾವಿಯದು. ಮಾಲ್ಟನ್ನು 66-67 ಡಿಗ್ರಿಯಲ್ಲಿ ಒಂದು ಗಂಟೆ ನೆನೆಸಿ, ಸೋಸಿ, ಮೇಲಿನಿಂದ ಬಿಸಿನೀರು ಹೊಯ್ದು ಉಳಿದ ಸಿಹಿಯನ್ನು ಇಳಿಸಿಕೊಂಡೆ. ನಮ್ಮ ಮನೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 98 ಡಿಗ್ರಿಗೇ ಕುದಿಯುತ್ತದೆ. ಅದಕ್ಕೆಂದು ಏನನ್ನೂ ಬದಲಿಸದೆ, ಈಸ್ಟ್ ಕೆಂಟ್ ಗೋಲ್ಡಿಂಗ್ಸ್ ಎಂಬ ಜಾತಿಯ ಹಾಪ್ಸ್ (ಬಿಯರಿಗೆ ಕಹಿ ಕೊಡುವ ಹೂ) 40 ಗ್ರಾಂ ಹಾಕಿ 60 ನಿಮಿಷ ಮುಚ್ಚಳವಿಲ್ಲದೆ ಕುದಿಸಿದೆ. ತಣಿದ ರಸದ ಸಾಂದ್ರತೆ 1.045 ಇತ್ತು (ನೀರಿನದು 1.000; ಯೀಸ್ಟ್ ಸಿಹಿಯನ್ನು ತಿಂದಂತೆ ಇದು ಇಳಿಯುತ್ತದೆ).

ದ್ರವರೂಪದ ಐರಿಶ್ ಯೀಸ್ಟನ್ನು ತಂಪು ಕೆಡದಂತೆ ಇಲ್ಲಿಯವರೆಗೆ ತರಿಸುವ ದಾರಿ ಕಾಣಲಿಲ್ಲ. ಆದ್ದರಿಂದ ಎಸ್-04 ಎಂಬ ಒಣ ಇಂಗ್ಲಿಷ್ ಯೀಸ್ಟಿನ 11.5 ಗ್ರಾಂ ಪೊಟ್ಟಣವೊಂದನ್ನು ಹಾಕಿ, ಡ್ರಮ್ಮನ್ನು ಉಪ್ಪರಿಗೆಯ ಮೂಲೆಯಲ್ಲಿಟ್ಟೆ. ಎರಡನೆಯ ದಿನ, ಒಳಗಿನ ಅನಿಲವನ್ನು ಹೊರಬಿಡುವ ಏರ್‌ಲಾಕ್ ಬಿಡುವಿಲ್ಲದೆ ಗುಳುಗುಳು ಎಂದಿತು. ಐದನೆಯ ದಿನ ಸದ್ದಡಗಿತು. ಒಂಬತ್ತನೆಯ ದಿನವೂ ಹತ್ತನೆಯ ದಿನವೂ ಸಾಂದ್ರತೆ 1.013 ಇದ್ದುದರಿಂದ ಮುಗಿಯಿತೆಂದುಕೊಂಡು ಡಿಸೆಂಬರ್ 24ರಂದು ಬಾಟಲಿಯಲ್ಲಿ ಗ್ಯಾಸ್ ಹುಟ್ಟಲೆಂದು 100 ಗ್ರಾಂ ಸಕ್ಕರೆಯ ಪಾಕ ಬೆರೆಸಿ, 650 ಮಿಲಿಯ 28 ಬಾಟಲಿಗಳಿಗೆ ತುಂಬಿ ಮುಚ್ಚಳ ಹೊಡೆದೆ.

ನಿನ್ನೆ ಮೊದಲ ಎರಡು ಬಾಟಲಿ ತೆರೆದೆ. ಬಣ್ಣ ಜೋನಿಬೆಲ್ಲವನ್ನು ಬೆಳಕಿಗೆ ಹಿಡಿದಂತಿದೆ. ನೊರೆಯೂ ಚೆನ್ನಾಗಿ ನಿಂತಿತು. ಆದರೆ ಮೂಗಿಗೆ ಬಡಿದದ್ದು ಬೆಣ್ಣೆ ಕಾಯಿಸುವ ವಾಸನೆ, ನಾಲಿಗೆಯ ಮೇಲೆ ಉಳಿದದ್ದು ಜಿಡ್ಡು. ನನ್ನ ಹೆಂಡತಿ ಒಂದು ಗುಟುಕು ಕುಡಿದು, ಇದಕ್ಕೊಂದು ವೀಳ್ಯದೆಲೆ ಹಾಕಿದರೆ ತುಪ್ಪವೇ ಆದೀತು ಎಂದಳು. ಉಳಿದ 26 ಬಾಟಲಿಗಳನ್ನು ತೆಂಗಿನ ಬುಡಕ್ಕೆ ಹೊಯ್ಯಬೇಕೆ, ಮಾಗಲು ಬಿಡಬೇಕೆ? ಬಿಡುವುದಾದರೆ ಎಷ್ಟು ದಿನ, ಎಲ್ಲಿ?

ಭರಣಿ | ಸಾಗರ | ಜನವರಿ 8

ಚೆಲ್ಲುವ ಮಾತೇ ಬೇಡ. ನಮ್ಮಲ್ಲಿ ಅಪ್ಪೆಮಿಡಿಯ ಉಪ್ಪಿನಕಾಯಿಯನ್ನು ಹಾಕಿದ ವರ್ಷವೇ ತೆಗೆಯುವವರಿಗೆ ಅವಸರದವರೆಂಬ ಹೆಸರು ಬರುತ್ತದೆ. ಕತ್ತಲೆಯ ಜಾಗದಲ್ಲಿ ಬಾಟಲಿಗಳನ್ನಿಟ್ಟು ಮುಂದಿನ ದೀಪಾವಳಿಯವರೆಗೆ ಮರೆತುಬಿಡಿ. ಹಳೆಯದಾದಷ್ಟೂ ಹದಕ್ಕೆ ಬರುತ್ತದೆ.

ಸೂಕ್ಷ್ಮದರ್ಶಕ | ಶಿವಮೊಗ್ಗ | ಜನವರಿ 9

ಭರಣಿಯವರ ತಾಳ್ಮೆ ದೊಡ್ಡದು, ಆದರೆ ಉಪ್ಪಿನಕಾಯಿಯ ನ್ಯಾಯ ಇಲ್ಲಿ ನಡೆಯುವುದಿಲ್ಲ. ಉಪ್ಪಿನಕಾಯಿಯನ್ನು ಉಪ್ಪು ಮತ್ತು ಹುಳಿ ಕಾಯುತ್ತವೆ. ನಾಲ್ಕು ಚಿಲ್ಲರೆ ಶೇಕಡಾ ಮದ್ಯಸಾರದ ಈ ಏಲ್‌ಗೆ ಅಷ್ಟು ಗಟ್ಟಿಯಾದ ಕಾವಲಿಲ್ಲ. ಮಾಗುವುದು ಎಂಬ ಒಂದೇ ಹೆಸರಿನಲ್ಲಿ ನಾವು ಕರೆಯುವುದು ಹಲವು ಬೇರೆಬೇರೆ ಕೆಲಸಗಳನ್ನು. ಅವುಗಳಲ್ಲಿ ಕೆಲವಕ್ಕೆ ಬೆಚ್ಚಗಿನ ಜಾಗ ಬೇಕು, ಕೆಲವಕ್ಕೆ ತಣ್ಣಗಿನದು ಬೇಕು, ಇನ್ನು ಕೆಲವು ನಡೆಯದಿದ್ದರೇ ಒಳ್ಳೆಯದು. ಆದ್ದರಿಂದ ಎಷ್ಟು ದಿನ ಎಂದು ಕೇಳುವ ಮೊದಲು ಯಾವ ದೋಷ ಎಂದು ಗೊತ್ತಾಗಬೇಕು.

ನೀವು ಹೇಳುವ ವಾಸನೆ ಡೈಅಸಿಟೈಲ್‌ನದು. ಹೆಪ್ಪು ಹಾಕಿದ ಮೊಸರನ್ನು ಕಡೆದು ತೆಗೆದ ಬೆಣ್ಣೆಗೆ ಪರಿಮಳ ಕೊಡುವುದೂ ಇದೇ ವಸ್ತು. ಲೀಟರಿಗೆ ಸುಮಾರು 0.1 ಮಿಲಿಗ್ರಾಂ ಇದ್ದರೂ ಬಿಯರಿನಲ್ಲಿ ಮೂಗಿಗೆ ಸಿಗುತ್ತದೆ. ಯೀಸ್ಟ್ ತನಗೆ ಬೇಕಾದ ವ್ಯಾಲಿನ್ ಎಂಬ ಅಮೈನೋ ಆಮ್ಲವನ್ನು ತಯಾರಿಸಿಕೊಳ್ಳುವಾಗ ನಡುವಿನ ಒಂದು ವಸ್ತು, ಅಂದರೆ ಆಲ್ಫಾ ಅಸಿಟೋಲ್ಯಾಕ್ಟೇಟ್, ಅದರ ಕೋಶದಿಂದ ಹೊರಗೆ ಸೋರುತ್ತದೆ. ಅದಕ್ಕೆ ವಾಸನೆಯಿಲ್ಲ. ಹೊರಗೆ ಬಂದ ಮೇಲೆ ಅದು ತಾನಾಗಿಯೇ, ನಿಧಾನವಾಗಿ, ಡೈಅಸಿಟೈಲ್ ಆಗುತ್ತದೆ. ಬಿಸಿ ಹೆಚ್ಚಿದಷ್ಟೂ ಬೇಗ ಆಗುತ್ತದೆ. ಬದುಕಿರುವ ಯೀಸ್ಟ್ ಆ ಡೈಅಸಿಟೈಲನ್ನು ಮತ್ತೆ ಒಳಕ್ಕೆ ಎಳೆದುಕೊಂಡು ವಾಸನೆ ಬಾರದ ವಸ್ತುಗಳನ್ನಾಗಿ ಮಾರ್ಪಡಿಸುತ್ತದೆ. ಸೋರಿದ್ದನ್ನು ಬಳಿದುಕೊಳ್ಳುವ ಈ ಕೊನೆಯ ಕೆಲಸಕ್ಕೆ ಯೀಸ್ಟ್ ಎಚ್ಚರವಾಗಿರಬೇಕು, ತಳಕ್ಕೆ ಇಳಿದು ಮಲಗಿರಬಾರದು.

ಇದೇ ವಾಸನೆ ಪೀಡಿಯೋಕಾಕಸ್ ಎಂಬ ಬ್ಯಾಕ್ಟೀರಿಯಾ ಸೇರಿಕೊಂಡಾಗಲೂ ಬರುತ್ತದೆ. ಅದಾದರೆ ಜೊತೆಯಲ್ಲಿ ಹುಳಿಯೂ ಬರುತ್ತದೆ, ದಿನ ಹೋದಂತೆ ಹೆಚ್ಚುತ್ತದೆ, ಕೆಲವೊಮ್ಮೆ ಬಿಯರು ಲೋಳೆಯಾಗುತ್ತದೆ. ಆಗ ತೆಂಗಿನ ಬುಡವೇ ಗತಿ. ಆದ್ದರಿಂದ ಹೇಳಿ: ಹುಳಿ ಇದೆಯೆ? ಬಾಟಲಿಯ ಕತ್ತಿನ ಒಳಗೆ ಉಂಗುರದಂತೆ ಏನಾದರೂ ಕಟ್ಟಿದೆಯೆ? ಉಪ್ಪರಿಗೆಯಲ್ಲಿ ಡ್ರಮ್ಮಿನ ತಾಪ ಎಷ್ಟಿತ್ತು? ಕೋಣೆಯ ತಾಪವಲ್ಲ, ಡ್ರಮ್ಮಿನದು.

ಕಾನುಮನೆ | ತೀರ್ಥಹಳ್ಳಿ ಸೀಮೆ | ಜನವರಿ 9

ಮೇಡಂ, ಹುಳಿ ಇಲ್ಲ, ಉಂಗುರ ಇಲ್ಲ, ಲೋಳೆಯೂ ಇಲ್ಲ. ಡ್ರಮ್ಮಿಗೆ ಅಂಟಿಸಿದ ಪಟ್ಟಿಯಲ್ಲಿ ಮೊದಲ ಮೂರು ದಿನ 21-22 ಡಿಗ್ರಿ ಇತ್ತು. ಆಮೇಲೆ ಬೆಳಗಿನ ಜಾವ 16, ಮಧ್ಯಾಹ್ನ 23. ನಮ್ಮದು ಹಂಚಿನ ಮಾಡು. ಮಾಗಿಯ ರಾತ್ರಿಯಲ್ಲಿ ಉಪ್ಪರಿಗೆಯ ಗಾಳಿ 14ಕ್ಕೆ ಇಳಿಯುತ್ತದೆ, ಹಗಲು ಹಂಚು ಕಾದು 27ಕ್ಕೆ ಏರುತ್ತದೆ.

ಸೂಕ್ಷ್ಮದರ್ಶಕ | ಶಿವಮೊಗ್ಗ | ಜನವರಿ 10

ಹಾಗಾದರೆ ಕಥೆ ಬಹುಮಟ್ಟಿಗೆ ಸ್ಪಷ್ಟವಾಗಿದೆ. ಮೊದಲ ಮೂರು ದಿನ ಯೀಸ್ಟ್ ತನ್ನ ಕೆಲಸದ ಕಾವಿನಿಂದ ತಾನೇ ಬೆಚ್ಚಗಿತ್ತು. ಹುದುಗುವಿಕೆಯ ಬಿರುಸಿನಲ್ಲಿ ಡ್ರಮ್ಮಿನ ಒಳಗೆ ಹೊರಗಿಗಿಂತ ಮೂರು ನಾಲ್ಕು ಡಿಗ್ರಿ ಹೆಚ್ಚಿರುವುದು ಸಾಮಾನ್ಯ. ಬಿರುಸು ತಗ್ಗಿದ ಕೂಡಲೇ ರಾತ್ರಿಯ ಚಳಿ ಅದನ್ನು ಹಿಡಿಯಿತು. ಎಸ್-04 ಬೇಗ ಗಂಟುಕಟ್ಟಿ ತಳಕ್ಕಿಳಿಯುವ ಜಾತಿ. ಚಳಿ ಬಿದ್ದರೆ ಇನ್ನೂ ಬೇಗ. ಊಟ ಮುಗಿಯಿತು, ಎಲೆ ಎತ್ತುವವರು ಮಲಗಿದರು. ಎರಡು ದಿನ 1.013 ನಿಂತದ್ದು ಕೆಲಸ ಮುಗಿದದ್ದಕ್ಕೆ ಸಾಕ್ಷಿಯಲ್ಲ, ಕೆಲಸದವರು ಇಲ್ಲದಿದ್ದುದಕ್ಕೂ ಸಾಕ್ಷಿಯಾಗಬಹುದು. ಐದನೆಯ ದಿನವೇ ಡ್ರಮ್ಮನ್ನು ಉಪ್ಪರಿಗೆಯಿಂದ ಕೆಳಗಿಳಿಸಿ ಅಡುಗೆಮನೆಯ ಪಕ್ಕ 21-22 ಡಿಗ್ರಿಯಲ್ಲಿ ಇನ್ನೊಂದು ವಾರ ಇಟ್ಟಿದ್ದರೆ ಈ ಚರ್ಚೆಯೇ ಇರುತ್ತಿರಲಿಲ್ಲ.

ಇನ್ನೂ ಎಷ್ಟು ಬೆಣ್ಣೆ ಹುಟ್ಟಲಿಕ್ಕಿದೆ ಎಂದು ತಿಳಿಯಲು ಸುಲಭವಾದ ಪರೀಕ್ಷೆ ಇದೆ. ಒಂದು ಬಾಟಲಿ ತೆರೆದು ಎರಡು ಚಿಕ್ಕ ಗಾಜಿನ ಶೀಶೆಗಳಿಗೆ ಸ್ವಲ್ಪ ಸ್ವಲ್ಪ ಹಾಕಿ ಮುಚ್ಚಳವನ್ನು ಸಡಿಲವಾಗಿ ಮುಚ್ಚಿ. ಒಂದನ್ನು 65 ಡಿಗ್ರಿಯ ಬಿಸಿನೀರಿನಲ್ಲಿ 20 ನಿಮಿಷ ಇಟ್ಟು, ತಣಿಸಿ, ಎರಡನ್ನೂ ಮೂಸಿ ನೋಡಿ. ಕಾಯಿಸಿದ್ದರಲ್ಲಿ ಬೆಣ್ಣೆ ಹೆಚ್ಚಿದ್ದರೆ, ವಾಸನೆಯಿಲ್ಲದ ಆ ಮೂಲವಸ್ತು ಇನ್ನೂ ಉಳಿದಿದೆ ಎಂದರ್ಥ.

ಉಳಿದ ಬಾಟಲಿಗಳನ್ನು ಒಂದೇ ಕಡೆ ಇಡಬೇಡಿ. ಮೂರು ಕಡೆ ಹಂಚಿ, ಮುಚ್ಚಳದ ಮೇಲೆ ಗುರುತು ಹಾಕಿ. ಯಾವುದು ಸರಿ ಎಂದು ನಾನು ಹೇಳುವುದಕ್ಕಿಂತ ನಿಮ್ಮ ನಾಲಿಗೆ ಹೇಳಲಿ.

ಕಾನುಮನೆ | ತೀರ್ಥಹಳ್ಳಿ ಸೀಮೆ | ಜನವರಿ 11

ಪರೀಕ್ಷೆ ಮಾಡಿದೆ. ಕಾಯಿಸಿದ ಶೀಶೆಯಲ್ಲಿ ಬೆಣ್ಣೆ ಎರಡು ಪಟ್ಟು ಎನಿಸುವಷ್ಟಿತ್ತು. ಹಾಗಾದರೆ ಕಡಿಮೆಯಾಗುವ ಮೊದಲು ಇದು ಇನ್ನಷ್ಟು ಹೆಚ್ಚಾಗಬಹುದೆಂದು ತಿಳಿದುಕೊಂಡಿದ್ದೇನೆ.

ಇಂದು 25 ಬಾಟಲಿಗಳನ್ನು ಹಂಚಿದೆ. ಬಚ್ಚಲೊಲೆಯ ಹಿಂಗೋಡೆಗೆ ತಾಗಿದ ಕಪಾಟಿನಲ್ಲಿ 9. ಅಲ್ಲಿ ಹಗಲೂ ರಾತ್ರಿಯೂ 26-28 ಡಿಗ್ರಿ. ದೇವರ ಕೋಣೆಯ ಹಿಂದಿನ ಕತ್ತಲೆ ಕೋಣೆಯಲ್ಲಿ 8. ಎರಡಡಿ ದಪ್ಪದ ಮಣ್ಣಿನ ಗೋಡೆಯಾದ್ದರಿಂದ ಅಲ್ಲಿ 21-22ರ ಆಚೀಚೆ ಆಗುವುದಿಲ್ಲ. ಫ್ರಿಜ್ಜಿನಲ್ಲಿ 8. ದೇವರ ಕೋಣೆಯ ಗೋಡೆಗೆ ಒರಗಿಸಿ ಇಂಥದ್ದನ್ನು ಇಡುವುದಕ್ಕೆ ಅಮ್ಮನ ಒಪ್ಪಿಗೆ ಪಡೆಯಲು ಹಿಡಿದ ಸಮಯವನ್ನು ಇಲ್ಲಿ ಬರೆಯುವುದಿಲ್ಲ.

ನೋರ್‌ನಿಂದ ತುಂಗೆಗೆ | ಶಿವಮೊಗ್ಗ | ಜನವರಿ 12

ಕೆಲಸದ ಮೇಲೆ ಮೂರು ವರ್ಷ ಐರ್ಲೆಂಡಿನ ಕಿಲ್ಕೆನ್ನಿಯಲ್ಲಿದ್ದು ಬಂದವನು ನಾನು. ಈ ಏಲ್‌ನ ತವರೆಂದು ಹೆಸರಾದ ಊರು ಅದು. ಅಲ್ಲಿ ಸೇಂಟ್ ಫ್ರಾನ್ಸಿಸ್ ಆಬಿ ಎಂಬ ಹಳೆಯ ಮಠದ ಪಾಳು ಗೋಡೆಗಳ ಪಕ್ಕದಲ್ಲಿಯೇ ಸ್ಮಿಥಿಕ್ಸ್ ಕಾರ್ಖಾನೆ ಇತ್ತು. ಅದು ಆರಂಭವಾದದ್ದು 1710ರಲ್ಲಿ ಎಂದು ಬಾಟಲಿಯ ಮೇಲೆಯೇ ಬರೆದಿರುತ್ತದೆ. 1965ರಲ್ಲಿ ಅದನ್ನು ಗಿನ್ನೆಸ್ ಕೊಂಡಿತು. 2013ರಲ್ಲಿ ಆ ಕಾರ್ಖಾನೆ ಮುಚ್ಚಿ ತಯಾರಿಕೆ ಡಬ್ಲಿನ್ನಿಗೆ ಹೋಯಿತು. ಇಂಗ್ಲಿಷಿನಲ್ಲಿ ಸ್ಮಿಥ್‌ವಿಕ್ಸ್ ಎಂದು ಬರೆದರೂ ನಡುವಿನ ಡಬ್ಲ್ಯೂ ಅಕ್ಷರವನ್ನು ಅಲ್ಲಿ ಉಚ್ಚರಿಸುವುದಿಲ್ಲ. ಉಚ್ಚರಿಸಿದವನನ್ನು ಕೂಡಲೇ ಹೊರಗಿನವನೆಂದು ಗುರುತಿಸುತ್ತಾರೆ, ನನ್ನನ್ನೂ ಹಾಗೆಯೇ ಗುರುತಿಸಿದರು.

ನಾನು ಹೇಳಬೇಕೆಂದಿರುವುದು ಇಷ್ಟು. ಅಲ್ಲಿ ಈ ಏಲನ್ನು ಯಾರೂ ವರ್ಷಗಟ್ಟಲೆ ನೆಲಮಾಳಿಗೆಯಲ್ಲಿಟ್ಟು ಪೂಜಿಸುವುದಿಲ್ಲ. ಪಬ್ಬಿನ ನಲ್ಲಿಯಲ್ಲಿ ಬರುವುದರಲ್ಲಿ ಮದ್ಯಸಾರ ಶೇಕಡಾ 3.8 ಮಾತ್ರ. ಸಂಜೆ ಮಾತಿಗೆ ಕುಳಿತವರು ನಾಲ್ಕು ಗ್ಲಾಸು ಕುಡಿದೂ ಮಾತು ತೊದಲದಿರಲಿ ಎಂಬಂಥ ಪಾನೀಯ ಅದು. ಬಿಯರ್ ತೀರ್ಪುಗಾರರ ಕೈಪಿಡಿಗಳಲ್ಲಿ ಈ ಬಗೆಗೆ ಆರಂಭದ ಸಾಂದ್ರತೆ 1.036ರಿಂದ 1.046, ಮದ್ಯಸಾರ ಶೇಕಡಾ 3.8ರಿಂದ 5.0 ಎಂದಿದೆ. ಬಾಯಿಗೆ ಮೊದಲು ಕ್ಯಾರಮೆಲ್ಲಿನ ಸಣ್ಣ ಸಿಹಿ, ಕೊನೆಗೆ ಹುರಿದ ಬಾರ್ಲಿಯಿಂದ ಬಂದ ಒಣ ಮುಕ್ತಾಯ, ಇಷ್ಟೇ ಅದರ ಸೊಗಸು. ಆ ಒಣ ಮುಕ್ತಾಯವೇ ಹೆಚ್ಚು ದಿನ ಇಟ್ಟರೆ ಮೊದಲು ಮಂಕಾಗುವುದು. ಕೆಂಪು ಬಣ್ಣ ಕಂಡು ಇದು ವೈನಿನ ಬಳಗವೆಂದು ಭ್ರಮಿಸಬಾರದು.

ಇನ್ನೊಂದು ಎಚ್ಚರಿಕೆ. ಕಿಲಿಯನ್ಸ್ ಎಂಬ ಹೆಸರಿನ ಅಮೆರಿಕದ ‘ಐರಿಶ್ ರೆಡ್’ ಕುಡಿದು ಅದೇ ರುಚಿಯನ್ನು ಗುರಿಯಾಗಿ ಇಟ್ಟುಕೊಂಡವರಿದ್ದರೆ, ಅದು ಏಲ್ ಅಲ್ಲ, ತಂಪಿನಲ್ಲಿ ಹುದುಗಿಸುವ ಲಾಗರ್ ಎಂಬ ಬೇರೆ ಬಗೆ ಎಂಬುದು ನೆನಪಿರಲಿ. ಆ ಹೆಸರಿನ ಮೂಲದ ಲೆಟ್ ಕುಟುಂಬದ ಕಾರ್ಖಾನೆ ಐರ್ಲೆಂಡಿನ ಎನಿಸ್ಕಾರ್ಥಿಯಲ್ಲಿತ್ತು. 1956ರಲ್ಲೇ ಅದು ಮುಚ್ಚಿತು.

ಭರಣಿ | ಸಾಗರ | ಜನವರಿ 12

ಒಪ್ಪಿದೆ, ಆದರೆ ಪೂರ್ತಿ ಒಪ್ಪಲಿಲ್ಲ. ಕಿಲ್ಕೆನ್ನಿಯವರು ತಾಜಾ ಕುಡಿಯುವುದು ಅವರ ಏಲ್‌ನಲ್ಲಿ ದೋಷವಿಲ್ಲದ್ದರಿಂದ. ದೋಷವಿದ್ದುದಕ್ಕೆ ಕಾಲವೇ ಮದ್ದು ಎಂಬ ನನ್ನ ಮಾತಿಗೆ ಮೇಡಂ ಅವರ ವಿವರಣೆಯೇ ಆಧಾರವಾಯಿತಲ್ಲ. ಬೇಕಾದರೆ ಮುಂದಿನ ದೀಪಾವಳಿ ಎಂಬುದನ್ನು ಯುಗಾದಿಗೆ ಇಳಿಸುತ್ತೇನೆ.

ಹಿನ್ನೀರಿನವ | ಹೊಸನಗರ | ಜನವರಿ 13

ಬೆಚ್ಚಗಿನ ಗೋಡೆಗೆ ಒರಗಿಸಿದ 9 ಬಾಟಲಿಗಳ ಬಗ್ಗೆ ಎಚ್ಚರಿಕೆ ಕೊಡಲು ಬಂದೆ. ಹುದುಗುವಿಕೆ ಮುಗಿಯುವ ಮೊದಲೇ ಯೀಸ್ಟ್ ಮಲಗಿದ್ದರೆ, ಬೆಚ್ಚಗಾದಾಗ ಅದು ಎದ್ದು ಉಳಿದ ಸಕ್ಕರೆಯನ್ನೂ ತಿನ್ನುತ್ತದೆ. ಸಾಂದ್ರತೆ 0.001ರಷ್ಟು ಇಳಿದರೆ ಬಿಯರಿನ ಗಾತ್ರದ ಸುಮಾರು ಅರ್ಧದಷ್ಟು ಅನಿಲ ಹೆಚ್ಚುತ್ತದೆ. ನಿಮ್ಮ 1.013 ಇನ್ನು 1.012ಕ್ಕೆ ಇಳಿದರೆ ನೊರೆ ಸ್ವಲ್ಪ ಉಕ್ಕೀತು, ಅಷ್ಟೇ. 1.008ಕ್ಕೆ ಇಳಿಯುವಂತಿದ್ದರೆ ಗಾಜು ತಡೆಯುವುದಿಲ್ಲ.

ಇದು ನನಗೆ ತಿಳಿದದ್ದು ಪುಸ್ತಕದಿಂದಲ್ಲ. ಕೆಲವು ವರ್ಷಗಳ ಹಿಂದೆ ಒಂದು ಬಗೆಯ ಏಲನ್ನು 1.020ರಲ್ಲೇ ನಿಂತಿತೆಂದು ನಂಬಿ, ಸಕ್ಕರೆಯನ್ನು ತೂಗದೆ ಬಾಟಲಿಗೊಂದೊಂದು ಚಮಚದಂತೆ ಹಾಕಿ, ಅಕ್ಕಿ ಮೂಟೆಗಳ ಪಕ್ಕದಲ್ಲಿಟ್ಟಿದ್ದೆ. ರಾತ್ರಿ ಎರಡು ಗಂಟೆಗೆ ಒಂದು ಸಿಡಿಯಿತು, ಅದರ ಚೂರು ತಾಗಿ ಪಕ್ಕದ್ದೂ ಸಿಡಿಯಿತು. ಕಾಡುಹಂದಿಗೆ ಯಾರೋ ಗುಂಡು ಹೊಡೆದರೆಂದು ತೋಟದ ಕಡೆ ಟಾರ್ಚು ಬಿಟ್ಟು ನೋಡಿದೆವು. ಎರಡು ಮೂಟೆ ಅಕ್ಕಿಯನ್ನು ಗಾಜಿನ ಚೂರಿನ ಭಯದಿಂದ ಹೊರಹಾಕಬೇಕಾಯಿತು; ಹತ್ತಿರ ಯಾರೂ ಇರಲಿಲ್ಲವೆಂಬುದೇ ಪುಣ್ಯ. ಅಂದಿನಿಂದ ಬಾಟಲಿಗಳನ್ನು ಕ್ರೇಟಿನಲ್ಲಿಟ್ಟು ಮೇಲೆ ಒದ್ದೆ ಮಾಡಿದ ಗೋಣಿಚೀಲ ಹೊದಿಸುತ್ತೇನೆ. ಪ್ರತಿ ಸಲವೂ ಒಂದು ಪ್ಲಾಸ್ಟಿಕ್ ಸೋಡಾ ಬಾಟಲಿಗೂ ಅದೇ ಬಿಯರನ್ನು ತುಂಬಿಡುತ್ತೇನೆ; ಅದನ್ನು ಬೆರಳಿನಿಂದ ಒತ್ತಿದರೆ ಉಳಿದವುಗಳ ಒಳಗಿನ ಒತ್ತಡ ತಿಳಿಯುತ್ತದೆ.

ಕಾನುಮನೆ | ತೀರ್ಥಹಳ್ಳಿ ಸೀಮೆ | ಜನವರಿ 13

ಓದಿದ ಕೂಡಲೇ ಹೋಗಿ ಕ್ರೇಟಿಗೆ ಹಾಕಿ ಗೋಣಿ ಹೊದಿಸಿ ಬಂದೆ. ಪರೀಕ್ಷೆಗೆ ತೆರೆದ ಬಾಟಲಿಯ ಗ್ಯಾಸ್ ಬಿಡಿಸಿ ಅಳೆದಾಗ 1.012 ಇತ್ತು.

ಕಾಯ್ದೆಪುಸ್ತಕ | ಕೊಪ್ಪ | ಜನವರಿ 15

ರಸಾಯನದ ಚರ್ಚೆ ಚೆನ್ನಾಗಿದೆ. ಆದರೆ ಇದನ್ನು ಓದಿ ನಾಳೆ ಡ್ರಮ್ಮು ಕೊಳ್ಳಲು ಹೊರಡುವವರಿಗಾಗಿ ಒಂದು ಮಾತು. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಮದ್ಯ ತಯಾರಿಕೆಗೆ ಪರವಾನಗಿ ಬೇಕು. ಐರ್ಲೆಂಡಿನಲ್ಲಿ ಮನೆಯ ಬಳಕೆಗೆ ಬಿಯರ್ ಮಾಡಿಕೊಳ್ಳಬಹುದೆಂಬುದು ಇಲ್ಲಿ ಉತ್ತರವಾಗುವುದಿಲ್ಲ. ಮಾರದಿದ್ದರೆ ತಪ್ಪಿಲ್ಲ ಎಂದು ಯಾರಾದರೂ ಭರವಸೆ ಕೊಟ್ಟರೆ, ಆ ಭರವಸೆಯನ್ನು ಬರಹದಲ್ಲಿ ಕೇಳಿ.

ಕಾನುಮನೆ | ತೀರ್ಥಹಳ್ಳಿ ಸೀಮೆ | ಜನವರಿ 15

ನೀವು ಹೇಳಿದ್ದನ್ನು ಹಗುರವಾಗಿ ತೆಗೆದುಕೊಂಡಿಲ್ಲ. ಕಾನೂನು ಬಲ್ಲವರೊಬ್ಬರ ಬಳಿ ಕೂತು ವಿಚಾರಿಸುವವರೆಗೆ ಎರಡನೆಯ ಸಲ ಮಾಡುವುದಿಲ್ಲ. ಇದನ್ನು ಒಂದು ಸಲದ ಪ್ರಯೋಗದ ಟಿಪ್ಪಣಿ ಎಂದಷ್ಟೇ ಓದಬೇಕೆಂದು ಎಲ್ಲರಲ್ಲೂ ವಿನಂತಿ.

ಕಾನುಮನೆ | ತೀರ್ಥಹಳ್ಳಿ ಸೀಮೆ | ಫೆಬ್ರವರಿ 1

ಮೂರು ವಾರವಾಯಿತು. ಮೂರೂ ಕಡೆಯಿಂದ ಒಂದೊಂದು ಬಾಟಲಿ ತೆಗೆದು, ಯಾವುದು ಯಾವುದೆಂದು ನನಗೆ ತಿಳಿಯದಂತೆ ಹೆಂಡತಿಯಿಂದ ಗ್ಲಾಸಿಗೆ ಹಾಕಿಸಿ ಕುಡಿದೆ. ಗೋಡೆಯ ಪಕ್ಕದ್ದರಲ್ಲಿ ಬೆಣ್ಣೆ ಬಹುತೇಕ ಹೋಗಿದೆ. ಕತ್ತಲೆ ಕೋಣೆಯದರಲ್ಲಿ ಇದೆ, ಆದರೆ ಮೊದಲಿನಷ್ಟಿಲ್ಲ. ಫ್ರಿಜ್ಜಿನದು ಗಾಜಿನಂತೆ ತಿಳಿಯಾಗಿದೆ, ನೋಡಲು ಮೂರರಲ್ಲಿ ಅದೇ ಚೆಂದ. ಮೂಗಿಗೆ ಹಿಡಿದರೆ ಅದೇ ಬೆಣ್ಣೆ, ಒಂದಿಷ್ಟೂ ಕದಲಿಲ್ಲ.

ಆದರೆ ಬೆಣ್ಣೆ ಸರಿದ ಮೇಲೆ ಅದರ ಹಿಂದೆ ಅಡಗಿದ್ದ ಇನ್ನೊಂದು ದೋಷ ಕಾಣಿಸಿಕೊಂಡಿದೆ. ಗುಟುಕು ಇಳಿದ ಮೇಲೆ ನಾಲಿಗೆಯ ಬುಡದಲ್ಲಿ ಒಗರು ಉಳಿಯುತ್ತದೆ. ಹಾಪ್ಸಿನ ಕಹಿಯಲ್ಲ, ಒಗರು. ವಿಚಿತ್ರವೆಂದರೆ ಫ್ರಿಜ್ಜಿನ ಬಾಟಲಿಯಲ್ಲಿ ಅದು ಕಡಿಮೆ.

ಹಿನ್ನೀರಿನವ | ಹೊಸನಗರ | ಫೆಬ್ರವರಿ 2

ಅಡಿಕೆ ಬೇಯಿಸುವ ಮನೆಯವರು ಒಗರಿನ ಮೂಲ ಕೇಳುವುದೆಂದರೇನು! ಮಾಲ್ಟಿನ ಮೇಲೆ ಹೊಯ್ದ ಬಿಸಿನೀರು ಎಲ್ಲಿಂದ ತಂದಿರಿ, ಎಷ್ಟು ಬಿಸಿಯಿತ್ತು?

ಕಾನುಮನೆ | ತೀರ್ಥಹಳ್ಳಿ ಸೀಮೆ | ಫೆಬ್ರವರಿ 2

ಬಚ್ಚಲ ಹಂಡೆಯಿಂದ. ಅಡಿಕೆ ಹಂಡೆಯಲ್ಲ, ಅದು ಚೊಗರು ಹಿಡಿದು ಕಪ್ಪಾಗಿದೆ, ಅದನ್ನು ಮುಟ್ಟಲಿಲ್ಲ. ಅಳೆಯಲಿಲ್ಲ, ಆದರೆ ಕೊತಕೊತ ಎನ್ನುತ್ತಿತ್ತು.

ಹಿನ್ನೀರಿನವ | ಹೊಸನಗರ | ಫೆಬ್ರವರಿ 2

ಅಲ್ಲಿಗೆ ಮುಗಿಯಿತು. ಸಿಪ್ಪೆಯಿರುವ ಯಾವ ಕಾಳನ್ನಾದರೂ ಕುದಿಯುವ ನೀರಿನಲ್ಲಿ ತೊಳೆದರೆ ಸಿಪ್ಪೆ ತನ್ನ ಟ್ಯಾನಿನ್, ಅಂದರೆ ಒಗರಿನ ಅಂಶ, ಬಿಡುತ್ತದೆ. ಅಡಿಕೆಯಲ್ಲಿ ನಮಗೆ ಬೇಕಾದದ್ದೇ ಅದು. ಬೇಯಿಸಿದ ನೀರು ದಿನದಿಂದ ದಿನಕ್ಕೆ ಗಟ್ಟಿಯಾಗಿ ಚೊಗರಾಗಲಿ, ಬಣ್ಣ ಕೂರಲಿ ಎಂದು ಕಾಯುತ್ತೇವೆ. ಮಾಲ್ಟಿನಲ್ಲಿ ಅದು ಬೇಡ. ಹೊಯ್ಯುವ ನೀರು 76-77 ಡಿಗ್ರಿ ಮೀರಬಾರದು. ಕೊನೆಕೊನೆಗೆ ಇಳಿಯುವ ತೆಳು ರಸದಲ್ಲಿ ಆಮ್ಲೀಯತೆಯೂ ಕಡಿಮೆಯಾಗಿ ಒಗರು ಇನ್ನೂ ಸುಲಭವಾಗಿ ಬಿಡುವುದರಿಂದ, ಸಿಹಿ ಮುಗಿದ ಮೇಲೂ ಆಸೆಗೆ ಬಿದ್ದು ಹಿಂಡಬಾರದು. ನೀವು ಮನೆಯಲ್ಲೇ ಚೊಗರು ತಯಾರಿಸಿ ಅದಕ್ಕೆ ಹಾಪ್ಸ್ ಹಾಕಿದ್ದೀರಿ.

ಸೂಕ್ಷ್ಮದರ್ಶಕ | ಶಿವಮೊಗ್ಗ | ಫೆಬ್ರವರಿ 3

ಫ್ರಿಜ್ಜಿನಲ್ಲಿ ಒಗರು ಕಡಿಮೆಯಾದದ್ದರಲ್ಲಿ ವಿಚಿತ್ರವೇನಿಲ್ಲ. ತಣ್ಣಗಾದಾಗ ಟ್ಯಾನಿನ್ನುಗಳೂ ಪ್ರೋಟೀನುಗಳೂ ಒಂದಕ್ಕೊಂದು ಅಂಟಿಕೊಂಡು ಮೊದಲು ಮಬ್ಬಾಗಿ ಕಾಣಿಸುತ್ತವೆ, ಆಮೇಲೆ ವಾರಗಟ್ಟಲೆಯಲ್ಲಿ ತಳಕ್ಕೆ ಇಳಿಯುತ್ತವೆ. ಬಾಟಲಿಯನ್ನು ಅಲ್ಲಾಡಿಸದೆ ಬಗ್ಗಿಸಿದರೆ ತಳದ ಕೆಸರಿನೊಂದಿಗೆ ಒಗರಿನ ಒಂದು ಪಾಲೂ ಅಲ್ಲೇ ಉಳಿಯುತ್ತದೆ. ಬೆಚ್ಚಗಿನ ಗೋಡೆಯ ಪಕ್ಕ ಅವು ಕರಗಿಕೊಂಡೇ ಇರುತ್ತವೆ.

ಈಗ ನೋಡಿ, ನಿಮ್ಮ ಎರಡು ದೋಷಗಳು ಎರಡು ವಿರುದ್ಧ ಮದ್ದುಗಳನ್ನು ಕೇಳುತ್ತಿವೆ. ಬೆಣ್ಣೆಗೆ ಬಿಸಿ ಬೇಕು, ಒಗರಿಗೆ ತಂಪು ಬೇಕು. ಎರಡನ್ನೂ ಕೊಡಬಹುದು, ಆದರೆ ಕ್ರಮ ತಪ್ಪಬಾರದು: ಮೊದಲು ಬೆಚ್ಚಗೆ, ಆಮೇಲೆ ತಣ್ಣಗೆ. ತಂಪಿಗೆ ಮೊದಲೇ ಹಾಕಿದರೆ ಬೆಣ್ಣೆ ತಿನ್ನಬೇಕಾದ ಯೀಸ್ಟೂ ಟ್ಯಾನಿನ್ನಿನ ಜೊತೆಯಲ್ಲೇ ತಳ ಸೇರುತ್ತದೆ. ಗೋಡೆಯ ಪಕ್ಕದ 8ರಲ್ಲಿ 4ನ್ನು ಈಗಲೇ ಫ್ರಿಜ್ಜಿಗೆ ವರ್ಗಾಯಿಸಿ. ಉಳಿದ 4 ಅಲ್ಲೇ ಇರಲಿ, ಬಿಸಿಯಲ್ಲಿ ಹೆಚ್ಚು ದಿನ ಇದ್ದರೆ ಏನಾಗುತ್ತದೆಂದು ಭರಣಿಯವರಿಗೂ ಗೊತ್ತಾಗಲಿ.

ಕಾನುಮನೆ | ತೀರ್ಥಹಳ್ಳಿ ಸೀಮೆ | ಮಾರ್ಚ್ 22

ಹತ್ತು ವಾರದ ವರದಿ. ಯುಗಾದಿಗೆ ಮನೆಗೆ ಬಂದ ಭಾವನೂ ನಾನೂ ಕುಳಿತು, ಮತ್ತೆ ಗುರುತು ತಿಳಿಯದಂತೆ ರುಚಿ ನೋಡಿದೆವು.

ಗೋಡೆಯಿಂದ ಫ್ರಿಜ್ಜಿಗೆ ಹೋದದ್ದು ಎಲ್ಲಕ್ಕಿಂತ ಮೇಲು. ಬೆಣ್ಣೆಯಿಲ್ಲ, ಒಗರು ಹುಡುಕಿದರೆ ಮಾತ್ರ ಸಿಗುವಷ್ಟು. ಮೊದಲು ಸುಟ್ಟ ಸಕ್ಕರೆಯ ಸಣ್ಣ ಸಿಹಿ, ಕೊನೆಗೆ ಬಾಣಲೆಯಲ್ಲಿ ಹುರಿದ ಬಾರ್ಲಿಯ ಒಣ ರುಚಿ. ಕಿಲ್ಕೆನ್ನಿಯಿಂದ ಬಂದವರು ಬರೆದದ್ದನ್ನು ಅಲ್ಲಿಯವರೆಗೆ ಓದಿದ್ದೆ, ಅಂದು ನಾಲಿಗೆಯಲ್ಲಿ ಕಂಡೆ. ಎರಡನೆಯ ಸ್ಥಾನ ಕತ್ತಲೆ ಕೋಣೆಯದಕ್ಕೆ. ಬೆಣ್ಣೆ ಫೆಬ್ರವರಿ ಕೊನೆಯ ಹೊತ್ತಿಗೆ ಹೋಗಿತ್ತು. ಒಗರು ಸ್ವಲ್ಪ ಉಳಿದಿದೆ, ಆದರೆ ರುಚಿ ಒಂದಕ್ಕೊಂದು ಹೊಂದಿಕೊಂಡಿದೆ. ಭಾವನಿಗೆ ಅದೇ ಹೆಚ್ಚು ಹಿಡಿಸಿತು. ಅವನು ಕವಳ ಹಾಕುವವನಾದ್ದರಿಂದ ಒಗರಿನ ಬಗ್ಗೆ ಅವನ ತೀರ್ಪನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಗೋಡೆಯ ಪಕ್ಕದಲ್ಲೇ ಉಳಿದದ್ದು ಕೆಟ್ಟಿದೆ. ಹುಳಿಯಾಗಿಲ್ಲ, ಆದರೆ ಮಳೆಗಾಲದಲ್ಲಿ ಹಳೆಯ ಪಂಚಾಂಗದ ಕಟ್ಟು ತೆಗೆದಾಗ ಬರುವಂಥ ಒದ್ದೆ ಕಾಗದದ ವಾಸನೆ. ಕ್ಯಾರಮೆಲ್ಲಿನ ಸಿಹಿ ಅಂಟಂಟಾಗಿದೆ, ಒಣ ಮುಕ್ತಾಯ ಎಲ್ಲೂ ಇಲ್ಲ. ಮಾರ್ಚಿನ ಬಿಸಿಲೂ ಸೇರಿ ಆ ಕಪಾಟು ಈಗ 31 ಡಿಗ್ರಿ ತೋರಿಸುತ್ತಿದೆ.

ಸೂಕ್ಷ್ಮದರ್ಶಕ | ಶಿವಮೊಗ್ಗ | ಮಾರ್ಚ್ 23

ಒದ್ದೆ ಕಾಗದದ ವಾಸನೆ ಆಮ್ಲಜನಕದ ಕೆಲಸ. ಬಾಟಲಿಗೆ ತುಂಬುವಾಗ ಬಿಯರ್ ಎತ್ತರದಿಂದ ಬಿದ್ದು ಗಾಳಿಯನ್ನು ಸೇರಿಸಿಕೊಂಡಿರುತ್ತದೆ. ಯೀಸ್ಟ್ ಅದರಲ್ಲಿ ಸ್ವಲ್ಪವನ್ನು ತಿನ್ನುತ್ತದೆ, ಎಲ್ಲವನ್ನೂ ಅಲ್ಲ. ಉಳಿದದ್ದು ಬಿಸಿಯಲ್ಲಿ ಬೇಗ ಕೆಲಸ ಮಾಡುತ್ತದೆ, ತಂಪಿನಲ್ಲಿ ನಿಧಾನವಾಗಿ. ಇದನ್ನು ಯಾವ ಕಾಲವೂ ಸರಿಪಡಿಸುವುದಿಲ್ಲ. ತಳದವರೆಗೆ ಮುಟ್ಟುವ ಕೊಳವೆಯಿಂದ, ನೊರೆ ಬಾಯಿಯವರೆಗೆ ಬರುವಂತೆ ತುಂಬಿ ಮುಚ್ಚಿದರೆ ಅರ್ಧ ಗೆದ್ದಂತೆ.

ಮೊದಲಿನಿಂದ ಫ್ರಿಜ್ಜಿನಲ್ಲೇ ಇರುವವುಗಳಲ್ಲಿ ಎಷ್ಟು ಉಳಿದಿವೆ?

ಕಾನುಮನೆ | ತೀರ್ಥಹಳ್ಳಿ ಸೀಮೆ | ಮಾರ್ಚ್ 23

ಆರು. ಬೆಣ್ಣೆ ಇನ್ನೂ ಅಲ್ಲೇ ಇದೆ.

ಸೂಕ್ಷ್ಮದರ್ಶಕ | ಶಿವಮೊಗ್ಗ | ಮಾರ್ಚ್ 23

ಮೂರನ್ನು ಹೊರತೆಗೆದು, ತಲೆಕೆಳಗು ಮಾಡಿ ತಳದ ಯೀಸ್ಟನ್ನು ಮೆಲ್ಲಗೆ ಎಬ್ಬಿಸಿ, ಕತ್ತಲೆ ಕೋಣೆಯಲ್ಲಿ ಮೂರು ವಾರ ಇಡಿ. ಎರಡು ತಿಂಗಳು ಚಳಿಯಲ್ಲಿ ಮಲಗಿದ್ದು ಏಳುತ್ತದೆಯೋ ಇಲ್ಲವೋ ನೋಡೋಣ. ಆಮೇಲೆ ಒಂದು ವಾರ ಮತ್ತೆ ಫ್ರಿಜ್ಜಿಗೆ.

ನೋರ್‌ನಿಂದ ತುಂಗೆಗೆ | ಶಿವಮೊಗ್ಗ | ಮಾರ್ಚ್ 25

ಗೋಡೆಯಿಂದ ಫ್ರಿಜ್ಜಿಗೆ ಹೋದ ಬಾಟಲಿಗಳನ್ನು ಇನ್ನು ಇಟ್ಟುಕೊಳ್ಳಬೇಡಿ, ಕುಡಿದು ಮುಗಿಸಿ. ಅವು ಈಗ ಇರುವುದಕ್ಕಿಂತ ಮೇಲಕ್ಕೆ ಏರಲಾರವು. ಕುಡಿಯುವ ಕಾಲು ಗಂಟೆ ಮೊದಲು ಹೊರಗಿಡಿ. ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿದ್ದರೆ ಆ ಸಿಹಿಯೂ ಹುರಿದ ರುಚಿಯೂ ತಿಳಿಯುವುದಿಲ್ಲ, 10 ಡಿಗ್ರಿಯ ಆಸುಪಾಸಿನಲ್ಲಿ ತಿಳಿಯುತ್ತವೆ.

ಕಾನುಮನೆ | ತೀರ್ಥಹಳ್ಳಿ ಸೀಮೆ | ಏಪ್ರಿಲ್ 26

ಎಬ್ಬಿಸಿದ ಮೂರು ಬಾಟಲಿಗಳ ಫಲಿತಾಂಶ: ಎರಡರಲ್ಲಿ ಬೆಣ್ಣೆ ಹೋಗಿದೆ, ಒಂದರಲ್ಲಿ ಅರ್ಧದಷ್ಟು ಇದೆ. ಆ ಒಂದರ ತಳದಲ್ಲಿ ಕೆಸರು ತೀರ ತೆಳುವಾಗಿತ್ತು. ತುಂಬುವಾಗ ಡ್ರಮ್ಮಿನ ಮೇಲಿನ ತಿಳಿ ಅದಕ್ಕೆ ಹೋಗಿ, ಯೀಸ್ಟ್ ಕಡಿಮೆ ಬಿದ್ದಿರಬೇಕೆಂದು ನನ್ನ ಊಹೆ. ಬೆಣ್ಣೆ ಹೋದ ಎರಡರಲ್ಲಿ ಒಂದು, ಯುಗಾದಿಯಂದು ಕುಡಿದದ್ದಕ್ಕೆ ಸಮನಾಗಿತ್ತು.

ಇನ್ನೊಮ್ಮೆ ಮಾಡುವ ಅವಕಾಶ ಕಾನೂನಿನ ಕಡೆಯಿಂದ ಸಿಕ್ಕರೆ ಹಂಡೆಯ ನೀರನ್ನು ಅಳೆದು ಹೊಯ್ಯುತ್ತೇನೆ. ಡ್ರಮ್ಮನ್ನು ಉಪ್ಪರಿಗೆಗೆ ಏರಿಸದೆ ಕತ್ತಲೆ ಕೋಣೆಯಲ್ಲೇ ಎರಡು ವಾರ ಬಿಟ್ಟು, ಆ ಶೀಶೆಯ ಪರೀಕ್ಷೆಯಲ್ಲಿ ಗೆದ್ದ ಮೇಲೆಯೇ ಬಾಟಲಿ ಮುಟ್ಟುತ್ತೇನೆ. ಭರಣಿಯವರ ಸಮಾಧಾನಕ್ಕಾಗಿ ಒಂದು ಬಾಟಲಿಯನ್ನು ಕತ್ತಲೆ ಕೋಣೆಯ ಮೂಲೆಯಲ್ಲಿ ಉಳಿಸಿ, ಅದರ ಮೇಲೆ ‘ದೀಪಾವಳಿ’ ಎಂದು ಬರೆದಿಟ್ಟಿದ್ದೇನೆ.

ಸೂಕ್ಷ್ಮದರ್ಶಕ | ಶಿವಮೊಗ್ಗ | ಏಪ್ರಿಲ್ 26

ಅದು ಇಷ್ಟು ದಿನ ಎಲ್ಲಿತ್ತೆಂಬುದನ್ನೂ ಅದರ ಮೇಲೆ ಬರೆಯಿರಿ. ಆರು ತಿಂಗಳಾದ ಮೇಲೆ ನಿಮಗೇ ನೆನಪಿರುವುದಿಲ್ಲ.

ಭರಣಿ | ಸಾಗರ | ಏಪ್ರಿಲ್ 27

ಮುಚ್ಚಳ ತೆಗೆಯುವ ಮೊದಲು ಗೋಣಿ ಹೊದಿಸಲು ಮರೆಯಬೇಡಿ.